ಬರೆಯೋದೊಂದು, ಓದೋದೊಂದು: ಇಂಗ್ಲಿಷ್ ಪದಗಳನ್ನು ಹೆದರದೆ ಓದಲು ಕಲಿಯುವುದು ಹೇಗೆ

ಪಿಯುಸಿ ಮೊದಲ ವರ್ಷ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಾಮರ್ಸ್ ತಗೊಂಡು ಕೂತಿದ್ದೆ. ಒಂದು ದಿನ ಅಕೌಂಟೆನ್ಸಿ ಪುಸ್ತಕದ ಪ್ಯಾರಾ ಒಂದನ್ನು ಜೋರಾಗಿ ಓದಲು ಲೆಕ್ಚರರ್ ಹೇಳಿದರು. ನಡುವೆ ಸಾಲ ಅನ್ನೋ ಅರ್ಥದ ಪದ ಬಂತು. ಡಿ, ಇ, ಬಿ, ಟಿ. ಇದ್ದ ಅಕ್ಷರಗಳನ್ನೆಲ್ಲ ಸೇರಿಸಿ ‘ಡೆಬ್ಟ್’ ಎಂದೆ. ಇಡೀ ಕ್ಲಾಸ್ ನಕ್ಕಿತು. ಲೆಕ್ಚರರೂ ನಕ್ಕರು. ‘ಡೆಟ್’ ಅನ್ನಬೇಕಂತೆ. ಆಮೇಲೆ ಆ ವರ್ಷವಿಡೀ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನನಗೆ ವಿಷಯ ಗೊತ್ತಾಯಿತು. ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂದಾಗ ಆ ಪದದಲ್ಲಿ ‘ಬಿ’ ಇರಲೇ ಇಲ್ಲ. ಬರೆಯುವಾಗಲೂ ಇರಲಿಲ್ಲ, ಹೇಳುವಾಗಲೂ ಇರಲಿಲ್ಲ. ಆಮೇಲೆ ಲ್ಯಾಟಿನ್ ಓದಿಕೊಂಡ ಪಂಡಿತರು, ಇದರ ಬೇರು ಲ್ಯಾಟಿನ್‌ನ ‘ಡೆಬಿಟುಮ್’ ಅಲ್ವಾ, ಅದು ಕಣ್ಣಿಗೆ ಕಾಣಲಿ ಎಂದು ಒಂದು ‘ಬಿ’ ತುರುಕಿದರು. ಜನ ಮಾತ್ರ ಮೊದಲಿನ ಹಾಗೇ ಹೇಳುತ್ತಾ ಹೋದರು. ಅದೇ ಅಕೌಂಟೆನ್ಸಿ ಪುಸ್ತಕದಲ್ಲಿ ಪುಟಪುಟಕ್ಕೂ ಬರುವ ‘ಡೆಬಿಟ್’ ಕೂಡ ಇದೇ ಬೇರಿನದು. ಅಲ್ಲಿ ‘ಬಿ’ ಓದಬೇಕು, ಇಲ್ಲಿ ಓದಬಾರದು. ಹಾಗಾದರೆ ಅವತ್ತು ತಪ್ಪಿದ್ದು ನಾನೋ, ಆ ಸ್ಪೆಲ್ಲಿಂಗೋ?

ಇದನ್ನು ಬರೆಯುತ್ತಿರುವುದು ಅದಕ್ಕೇ. ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಜನ ಇಂಗ್ಲಿಷ್ ಉಚ್ಚಾರಣೆ ತಪ್ಪಿದಾಗ ತಮಗೆ ಬುದ್ಧಿ ಕಡಿಮೆ ಅಂದುಕೊಳ್ಳುತ್ತಾರೆ. ಅಲ್ಲ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚುಕಡಿಮೆ ಹಾಗೇ ಓದಬಹುದು. ಆ ನಂಬಿಕೆಯನ್ನೇ ಇಂಗ್ಲಿಷ್ ಮೇಲೂ ಇಟ್ಟರೆ ಮೋಸ ಹೋಗುತ್ತೇವೆ, ಅಷ್ಟೇ. ಇಂಗ್ಲಿಷ್ ಸ್ಪೆಲ್ಲಿಂಗ್ ಇವತ್ತಿನ ಮಾತನ್ನು ಹೇಳುವುದಿಲ್ಲ. ಅದು ಹೇಳುವುದು ನೂರಾರು ವರ್ಷ ಹಿಂದಿನ ಮಾತನ್ನು. ಇದನ್ನು ಮನಸ್ಸಿನಲ್ಲಿಟ್ಟು ಮುಂದಿನ ಹೆಜ್ಜೆಗಳನ್ನು ಹಿಡಿಯಿರಿ.

ಹೆಜ್ಜೆ 1: ಮೊದಲು ಕಿವಿ, ಆಮೇಲೆ ಕಣ್ಣು

ನಾವೆಲ್ಲ ಕಲಿತದ್ದು ಹೇಗೆ? ‘ಕೆ ಎನ್ ಐ ಎಫ್ ಇ ನೈಫ್, ನೈಫ್ ಅಂದ್ರೆ ಚಾಕು’ ಎಂದು ರಾಗವಾಗಿ ಬಾಯಿಪಾಠ. ಕಣ್ಣಿಗೆ ಮೊದಲು ಸ್ಪೆಲ್ಲಿಂಗ್ ಕಂಡರೆ ನಾಲಿಗೆ ಅದರ ಹಿಂದೆಯೇ ಹೋಗುತ್ತದೆ. ಇದನ್ನು ಉಲ್ಟಾ ಮಾಡಿ.

ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಪುಟದ ನಡುವೆ ಗೆರೆ ಎಳೆಯಿರಿ. ಮೊಬೈಲ್‌ನ ಡಿಕ್ಷನರಿಯಲ್ಲಿ ಪದದ ಪಕ್ಕ ಸ್ಪೀಕರ್ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿ. ಸ್ಕ್ರೀನ್ ನೋಡದೆ ಮೂರು ಸಲ ಕೇಳಿ. ಕೇಳಿದ್ದನ್ನು ಎಡಗಡೆ ಕನ್ನಡದಲ್ಲಿ ಬರೆಯಿರಿ. ಆಮೇಲೆ ಸ್ಪೆಲ್ಲಿಂಗ್ ನೋಡಿ ಬಲಗಡೆ ಬರೆಯಿರಿ. ಸ್ಪೆಲ್ಲಿಂಗ್‌ನಲ್ಲಿ ಇದ್ದೂ ಕಿವಿಗೆ ಬೀಳದ ಅಕ್ಷರಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ.

ಉಚ್ಚಾರಣೆ ಬರೆದಿಟ್ಟುಕೊಳ್ಳಲು ಕನ್ನಡ ಲಿಪಿ ನಿಜಕ್ಕೂ ಒಳ್ಳೆಯ ಸಾಧನ. ಆದರೆ ಮೂರು ಕಡೆ ಅದು ಸಾಲದು. ‘ಫ್ಯಾನ್’ನ ಎಫ್ ನಮ್ಮ ‘ಫಲ’ದ ಫ ಅಲ್ಲ. ‘ಝೂ’ದಲ್ಲಿರುವ ಜ಼ಡ್ ಸದ್ದೂ ನಮ್ಮ ಜ ಅಲ್ಲ, ಝ ಕೂಡ ಅಲ್ಲ. ಅದಕ್ಕೇ ಈ ಎರಡಕ್ಕೂ ಚುಕ್ಕಿ ಇಟ್ಟು ಫ಼, ಜ಼ ಎಂದು ಬರೆಯುವ ರೂಢಿ ಇದೆ. ನೀವೂ ಹಾಗೇ ಮಾಡಿ. ಮೂರನೆಯದು ವಿ ಮತ್ತು ಡಬ್ಲ್ಯು. ನಮಗೆ ಎರಡಕ್ಕೂ ಒಂದೇ ‘ವ’. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯು ಹೇಳುವಾಗ ಹಲ್ಲು ತಾಗಬಾರದು, ತುಟಿ ದುಂಡಗಾಗಬೇಕು, ಸೀಟಿ ಊದಲು ಹೊರಟ ಹಾಗೆ. ವಿ ಇದ್ದ ಕಡೆ ‘ವ’ದ ಕೆಳಗೆ ಒಂದು ಗೆರೆ ಹಾಕಿಕೊಂಡರೆ ಸಾಕು.

ಹೆಜ್ಜೆ 2: ಮೌನ ಅಕ್ಷರಗಳನ್ನು ಮನೆತನ ಹಿಡಿದು ಕಲಿಯಿರಿ

ನನ್ನ ಅಕ್ಕನ ಮಗಳು ಒಂದು ಮೆಡಿಕಲ್ ಶಾಪಿನ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೆಲಸಕ್ಕೆ ಸೇರಿದಳು. ಒಂದು ಸಂಜೆ ಬಂದವಳೇ, “ಮಾವ, ರಸೀದಿಗೆ ‘ರಿಸಿಪ್ಟ್’ ಅಂದೆ. ಕಸ್ಟಮರ್ ನಕ್ಕುಬಿಟ್ರು. ಪಿ ಇದೆಯಲ್ಲ, ಓದಬಾರದಾ?” ಎಂದಳು. ಓದಬಾರದು. ಅದು ‘ರಿಸೀಟ್’. ಆ ಪಿ ಕೂಡ ಲ್ಯಾಟಿನ್ ನೋಡಿ ಆಮೇಲೆ ಸೇರಿಸಿದ್ದು. ಇನ್ನೂ ವಿಚಿತ್ರ ಅಂದರೆ, ಇದೇ ಮನೆತನದ ‘ಡಿಸೀಟ್’ (ಮೋಸ), ‘ಕನ್ಸೀಟ್’ (ಜಂಬ) ಎರಡಕ್ಕೂ ಪಿ ಸೇರಿಸಲಿಲ್ಲ. ಒಬ್ಬ ಅಣ್ಣನಿಗೆ ಮಾತ್ರ ಪೇಟ ಕಟ್ಟಿ, ಉಳಿದಿಬ್ಬರು ತಮ್ಮಂದಿರನ್ನು ಬರಿತಲೆಯಲ್ಲಿ ಬಿಟ್ಟ ಹಾಗೆ. ದ್ವೀಪ ಅನ್ನೋ ಅರ್ಥದ ‘ಐಲೆಂಡ್’ನ ಎಸ್ ಕಥೆಯೂ ಹೀಗೆಯೇ. ಅದು ಹಳೆಯ ಇಂಗ್ಲಿಷ್‌ನ ಸ್ವಂತ ಪದ. ಅದರಲ್ಲಿ ಎಸ್ ಇರಲಿಲ್ಲ. ಫ್ರೆಂಚ್ ಮೂಲದ ಇನ್ನೊಂದು ಪದಕ್ಕೆ ಸಂಬಂಧ ಇದೆ ಎಂದು ತಪ್ಪು ತಿಳಿದು ಎಸ್ ಅಂಟಿಸಿದರು.

ಇವು ಪಂಡಿತರು ಸೇರಿಸಿದವು. ಇನ್ನೊಂದು ಗುಂಪು ಹಿಂದೆ ನಿಜವಾಗಿಯೂ ಉಚ್ಚರಿಸುತ್ತಿದ್ದ ಅಕ್ಷರಗಳದ್ದು. ಚಾಕು, ಮಂಡಿ, ಗಂಟು, ತಿಳಿ: ಈ ಅರ್ಥದ ಇಂಗ್ಲಿಷ್ ಪದಗಳೆಲ್ಲ ಕೆ, ಎನ್ ಎಂದು ಶುರುವಾಗುತ್ತವೆ. ಒಂದು ಕಾಲದಲ್ಲಿ ಇಂಗ್ಲೆಂಡಿನವರು ‘ಕ್ನ’ ಎಂದೇ ಹೇಳುತ್ತಿದ್ದರು. ಜರ್ಮನ್ನರು ಇವತ್ತಿಗೂ ಮಂಡಿಗೆ ‘ಕ್ನೀ’ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಕ ಬಿದ್ದುಹೋಯಿತು, ಕಾಗದದ ಮೇಲೆ ಉಳಿಯಿತು.

ಹೀಗೆ ಆಗಲು ಅಚ್ಚಿನ ಮನೆಯೂ ಒಂದು ಕಾರಣ. ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ ಬಳಿಯ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಯಂತ್ರ ಇಟ್ಟದ್ದು 1476ರಲ್ಲಿ. ಅಚ್ಚಾಗುತ್ತಾ ಹೋದ ಹಾಗೆ ಬರಹ ನಿಧಾನವಾಗಿ ಗಟ್ಟಿಯಾಯಿತು. ಅದೇ ಕಾಲದಲ್ಲಿ ಮಾತು ಮಾತ್ರ ಹೊಳೆಯ ಹಾಗೆ ಹರಿಯುತ್ತಲೇ ಇತ್ತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅವರ ಡಿಕ್ಷನರಿ ಬರುವ ಹೊತ್ತಿಗೆ ಬರಹಕ್ಕೆ ಮುದ್ರೆ ಬಿದ್ದಿತ್ತು.

ನೋಟ್‌ಬುಕ್‌ನಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಪುಟ ಕೊಡಿ. ಕೆ-ಎನ್ ಶುರುವಿನಲ್ಲಿದ್ದರೆ ಕೆ ಮೌನ. ಡಬ್ಲ್ಯು-ಆರ್ ಶುರುವಿನಲ್ಲಿದ್ದರೆ ಡಬ್ಲ್ಯು ಮೌನ: ರೈಟ್ (ಬರೆ), ರಾಂಗ್, ರಿಸ್ಟ್, ರ‍್ಯಾಪ್. ಎಂ-ಬಿ ಕೊನೆಯಲ್ಲಿದ್ದರೆ ಬಿ ಮೌನ: ಲ್ಯಾಮ್, ಥಮ್, ಕ್ಲೈಮ್, ಬಾಚಣಿಗೆಗೆ ಕೋಮ್. ಪಿ-ಎಸ್, ಪಿ-ಎನ್ ಶುರುವಿನಲ್ಲಿದ್ದರೆ ಪಿ ಮೌನ: ಸೈಕಾಲಜಿ, ನ್ಯುಮೋನಿಯಾ. ಇವು ಗ್ರೀಕ್ ಕಡೆಯವು. ‘ವಾಕ್’, ‘ಟಾಕ್’, ‘ಹಾಫ್’ಗಳಲ್ಲಿ ಎಲ್ ಮೌನ. ‘ವುಡ್’, ‘ಶುಡ್’, ‘ಕುಡ್’ ಮೂರರಲ್ಲೂ ಎಲ್ ಮೌನ. ಆದರೆ ‘ಕುಡ್’ನಲ್ಲಿ ಎಲ್ ಯಾವತ್ತೂ ಇರಲಿಲ್ಲ. ಜೊತೆಯವರಿಬ್ಬರಿಗೂ ಇದೆ ಎಂದು ಇದಕ್ಕೂ ಹಾಕಿದರು.

ಇಲ್ಲಿ ಒಂದು ಮಾತು. ಎಂ-ಬಿ ನಿಯಮದ ಪ್ರಕಾರ ಇಂಗ್ಲಿಷ್‌ನಲ್ಲಿ ‘ಬಾಮ್’. ಹಾಗಂತ ಕನ್ನಡ ಮಾತಾಡುವಾಗ ‘ಬಾಂಬು’ ಅಂದರೆ ಯಾರಾದರೂ ತಿದ್ದಿದರೆ ಒಪ್ಪಬೇಡಿ. ಅದು ಈಗ ಕನ್ನಡ ಪದ. ಕನ್ನಡಕ್ಕೆ ಬಂದ ಪದ ಕನ್ನಡದ ನಿಯಮಕ್ಕೆ ಬಗ್ಗುತ್ತದೆ. ಗಮನಿಸಿ ನೋಡಿ: ಬಸ್ಸು, ಪೆನ್ನು, ಕಪ್ಪು ಎನ್ನುತ್ತೇವೆ. ಆದರೆ ಕಾರು, ರೋಡು, ಸ್ಕೂಲು. ಹ್ರಸ್ವ ಸ್ವರದ ಮುಂದೆ ವ್ಯಂಜನ ಒತ್ತಾಯಿತು, ದೀರ್ಘದ ಮುಂದೆ ಆಗಲಿಲ್ಲ. ಶಾಲೆಗೆ ಹೋಗದ ಅಜ್ಜಿಯೂ ಇದನ್ನು ತಪ್ಪುವುದಿಲ್ಲ. ನಮ್ಮ ಭಾಷೆಯ ಈ ಜಾಣತನ ನೆನೆದರೆ ನನಗೆ ಖುಷಿಯಾಗುತ್ತದೆ.

ಹೆಜ್ಜೆ 3: ಜಿ-ಎಚ್ ಎಂಬ ತಲೆನೋವು

ಇದಕ್ಕೆ ಒಂದು ಪೂರ್ತಿ ದಿನ ಕೊಡಿ. ಒ, ಯು, ಜಿ, ಎಚ್: ಈ ನಾಲ್ಕೇ ಅಕ್ಷರ. ಇವುಗಳ ಹಿಂದೆ ಟಿ-ಎಚ್-ಆರ್ ಇದ್ದರೆ ‘ಥ್ರೂ’. ಆರ್ ತೆಗೆದರೆ ‘ದೋ’. ಬರೀ ಟಿ ಇಟ್ಟರೆ ‘ಟಫ್’. ಸಿ ಇಟ್ಟರೆ ‘ಕಾಫ್’, ಅಂದರೆ ಕೆಮ್ಮು. ಬಿ ಇಟ್ಟರೆ ‘ಬೌ’, ಮರದ ಕೊಂಬೆ. ‘ದೋ’ದ ಕೊನೆಗೆ ಟಿ ಸೇರಿದರೆ ‘ಥಾಟ್’.

ಈ ಜಿ-ಎಚ್ ಹಿಂದೆ ಗಂಟಲಿನಿಂದ ಬರುವ ಒಂದು ಸದ್ದಾಗಿತ್ತು, ಕಫ ತೆಗೆಯುವಾಗ ಬರುವ ‘ಖ್’ ಥರ. ರಾತ್ರಿಗೆ ಜರ್ಮನ್ನರು ಈಗಲೂ ‘ನಖ್ಟ್’ ಎನ್ನುತ್ತಾರೆ. ಇಂಗ್ಲಿಷ್‌ನ ‘ನೈಟ್’ ಅದರ ತಂಗಿ. ಆ ಸದ್ದು ಕೆಲವು ಪದಗಳಲ್ಲಿ ಪೂರ್ತಿ ಮಾಯವಾಯಿತು, ಕೆಲವುಗಳಲ್ಲಿ ಫ಼ ಆಯಿತು.

ಇದನ್ನು ನೆನಪಿಡುವ ದಾರಿ ಹೀಗೆ. ಐ-ಜಿ-ಎಚ್-ಟಿ ಎಂದು ಮುಗಿದು, ಐ ಹಿಂದೆ ವ್ಯಂಜನ ಇದ್ದರೆ ಕಣ್ಣುಮುಚ್ಚಿ ‘ಐಟ್’ ಎನ್ನಿ: ನೈಟ್, ಲೈಟ್, ರೈಟ್, ಫೈಟ್, ಟೈಟ್. ಅದರ ಹಿಂದೆ ಇ ಇದ್ದರೆ ಹೆಚ್ಚಾಗಿ ‘ಏಟ್’: ಎಂಟಕ್ಕೆ ಏಟ್, ತೂಕಕ್ಕೆ ವೇಟ್. ಎತ್ತರಕ್ಕೆ ಮಾತ್ರ ‘ಹೈಟ್’. ಫ಼ ಸದ್ದು ಬರುವ ಪದಗಳು ದಿನಬಳಕೆಯಲ್ಲಿ ಬೆರಳೆಣಿಕೆಯಷ್ಟು: ಲಾಫ್, ಕಾಫ್, ರಫ್, ಟಫ್, ಇನಫ್. ಈ ಐದನ್ನು ಬಾಯಿಪಾಠ ಮಾಡಿ. ಉಳಿದ ಕಡೆ ಪದದ ನಡುವೆ ಅಥವಾ ಕೊನೆಯಲ್ಲಿ ಜಿ-ಎಚ್ ಕಂಡರೆ ಮೌನ ಎಂದುಕೊಂಡರೆ ನೂರಕ್ಕೆ ತೊಂಬತ್ತು ಸಲ ಸರಿಹೋಗುತ್ತದೆ.

ಹೆಜ್ಜೆ 4: ಕೊನೆಯ ಇ

ಇದು ಸುಲಭ. ಪದದ ಕೊನೆಯ ಇ ತಾನು ಮಾತಾಡುವುದಿಲ್ಲ, ಹಿಂದಿನ ಸ್ವರವನ್ನು ಬದಲಿಸುತ್ತದೆ. ‘ಹಾಪ್’ಗೆ ಇ ಸೇರಿದರೆ ‘ಹೋಪ್’, ‘ಪಿನ್’ಗೆ ಸೇರಿದರೆ ‘ಪೈನ್’, ‘ರ‍್ಯಾಟ್’ಗೆ ಸೇರಿದರೆ ‘ರೇಟ್’. ಲವ್, ಗಿವ್, ಹ್ಯಾವ್, ಕಮ್, ಸಮ್ ಈ ನಿಯಮಕ್ಕೆ ಸಿಗುವುದಿಲ್ಲ. ಅವನ್ನು ಬೇರೆ ಪುಟದಲ್ಲಿ ಬರೆದಿಡಿ.

ಆದರೆ ಇದರ ಹಿಂದಿನ ಕಥೆ ಚಂದ. ಸುಮಾರು 1400ನೇ ಇಸವಿವರೆಗೆ ಆ ಇ ಕೂಡ ಮಾತಾಡುತ್ತಿತ್ತು. ಹೆಸರು ಅನ್ನೋ ಅರ್ಥದ ಎನ್-ಎ-ಎಂ-ಇ ಪದವನ್ನು ಆ ಕಾಲದ ಇಂಗ್ಲಿಷರು ಹೆಚ್ಚುಕಡಿಮೆ ‘ನಾಮ’ ಎಂದೇ ಹೇಳುತ್ತಿದ್ದರು. ನಮ್ಮ ‘ನಾಮ’ದ ಹಾಗೆಯೇ. ಸಂಸ್ಕೃತದ ಆ ಪದಕ್ಕೂ ಇದಕ್ಕೂ ಬೇರು ಒಂದೇ. ಸಮಯಕ್ಕೆ ‘ಟೀಮ’, ಮನೆಗೆ ‘ಹೂಸ್’ ಎನ್ನುತ್ತಿದ್ದರು. ಮುಂದಿನ ಮುನ್ನೂರು ವರ್ಷಗಳಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಆ ಏ ಆಯಿತು, ಈ ಐ ಆಯಿತು, ಊ ಔ ಆಯಿತು. ‘ನೇಮ್’, ‘ಟೈಮ್’, ‘ಹೌಸ್’ ಹುಟ್ಟಿದವು. ಸ್ಪೆಲ್ಲಿಂಗ್ ಮಾತ್ರ ಹಳೆ ಮನೆಯಲ್ಲೇ ಉಳಿಯಿತು.

‘ಬಿ ಯು ಟಿ ಬಟ್ ಆದರೆ ಪಿ ಯು ಟಿ ಪುಟ್ ಯಾಕೆ’ ಎಂದು ಮಕ್ಕಳು ಕೇಳಿದರೆ ಸುಮ್ನೆ ಇರಿಸಬೇಡಿ. ಅದಕ್ಕೂ ಉತ್ತರ ಇದೆ. ಒಂದು ಕಾಲದಲ್ಲಿ ಎರಡೂ ಉ ಸದ್ದೇ. ದಕ್ಷಿಣ ಇಂಗ್ಲೆಂಡಿನಲ್ಲಿ ಹೆಚ್ಚಿನ ಪದಗಳ ಉ ಬದಲಾಗಿ ಅ ಥರ ಆಯಿತು. ಪುಟ್, ಪುಲ್, ಪುಶ್, ಬುಶ್, ಫುಲ್‌ನಂಥ ಕೆಲವು ಉಳಿದುಕೊಂಡವು. ಎಲ್ಲವೂ ತುಟಿಯಿಂದ ಹುಟ್ಟುವ ಸದ್ದಿನಿಂದ ಶುರುವಾಗುವಂಥವು, ನೋಡಿ. ಉತ್ತರ ಇಂಗ್ಲೆಂಡಿನ ಹಲವು ಕಡೆ ಈಗಲೂ ಜನ ‘ಬುಸ್’, ‘ಕುಪ್’ ಎಂದೇ ಹೇಳುತ್ತಾರೆ. ಅವರದು ತಪ್ಪು ಇಂಗ್ಲಿಷ್ ಅಲ್ಲ.

ಹೆಜ್ಜೆ 5: ಯಾವ ಕಡೆ ಒತ್ತು?

ಮೌನ ಅಕ್ಷರ ತಪ್ಪಿದರೆ ಜನ ನಗಬಹುದು, ಆದರೆ ಅರ್ಥ ಮಾಡಿಕೊಳ್ಳುತ್ತಾರೆ. ಒತ್ತು ತಪ್ಪಿದರೆ ಹೊರದೇಶದವರಿಗೆ ಅರ್ಥವೇ ಆಗದೆ ಹೋಗಬಹುದು. ಅದಕ್ಕೇ ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಅಭ್ಯಾಸ ಬೇಕಾದ್ದು ಇಲ್ಲಿ.

ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಡುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷ್ ಹಾಗಲ್ಲ. ಒಂದು ಕಡೆ ಜೋರಾಗಿ ಒತ್ತುತ್ತದೆ, ಉಳಿದದ್ದನ್ನು ಅರ್ಧ ನುಂಗುತ್ತದೆ. ಫೋಟೊ ತೆಗೆದ ಚಿತ್ರಕ್ಕೆ ‘ಫೋಟಗ್ರಾಫ್’, ಒತ್ತು ಫೋ ಮೇಲೆ. ಆ ಕಲೆಗೆ ‘ಫಟಾಗ್ರಫಿ’, ಒತ್ತು ಟಾ ಮೇಲೆ. ಒತ್ತು ಜರುಗಿದ ಕೂಡಲೇ ‘ಫೋ’ ಸಣಕಲಾಗಿ ‘ಫ’ ಆಯಿತು. ‘ಕಂಫರ್ಟೇಬಲ್’ ಅವರ ಬಾಯಲ್ಲಿ ‘ಕಂಫ್ಟಬಲ್’, ‘ವೆಜಿಟೇಬಲ್’ ಬರೀ ‘ವೆಜ್ಟಬಲ್’.

ಅಭ್ಯಾಸಕ್ಕೆ ಮೇಜು ಸಾಕು. ಪದ ಕೇಳುತ್ತಾ ಎಲ್ಲಿ ಜೋರು ಬಂತೋ ಅಲ್ಲಿ ಅಂಗೈಯಿಂದ ತಟ್ಟಿ, ಉಳಿದ ಕಡೆ ಬೆರಳಿನಿಂದ. ತಾಳ ಹಾಕಿದ ಹಾಗೆ. ನೋಟ್‌ಬುಕ್‌ನಲ್ಲಿ ಒತ್ತಿನ ಅಕ್ಷರವನ್ನು ದಪ್ಪ ಮಾಡಿ. ಎರಡು ಸೂತ್ರ ತುಂಬಾ ಕೆಲಸಕ್ಕೆ ಬರುತ್ತವೆ. ‘ಶನ್’ ಎಂದು ಮುಗಿಯುವ ಪದಕ್ಕೆ ಅದರ ಹಿಂದಿನ ಅಕ್ಷರದ ಮೇಲೆ ಒತ್ತು: ಎಜುಕೇಶನ್‌ನಲ್ಲಿ ಕೇ, ಇನ್ಫರ್ಮೇಶನ್‌ನಲ್ಲಿ ಮೇ. ‘ಇಕ್’, ‘ಇಟಿ’ ಎಂದು ಮುಗಿದರೂ ಹೆಚ್ಚಾಗಿ ಹಾಗೇ: ಎಕನಾಮಿಕ್‌ನಲ್ಲಿ ನಾ, ಎಲೆಕ್ಟ್ರಿಸಿಟಿಯಲ್ಲಿ ಟ್ರಿ. ಎರಡನೆಯದು: ನಾಮಪದವೂ ಕ್ರಿಯಾಪದವೂ ಆಗುವ ಕೆಲವು ಪದಗಳಲ್ಲಿ ಒತ್ತು ಅರ್ಥ ಹೇಳುತ್ತದೆ. ದಾಖಲೆ ಎಂದಾದರೆ ‘ರೆಕಾರ್ಡ್’, ಮೊದಲ ಭಾಗಕ್ಕೆ ಒತ್ತು. ದಾಖಲಿಸು ಎಂದಾದರೆ ‘ರಿಕಾರ್ಡ್’, ಕೊನೆಯ ಭಾಗಕ್ಕೆ ಒತ್ತು. ಪ್ರೆಸೆಂಟ್, ಆಬ್ಜೆಕ್ಟ್, ಪರ್ಮಿಟ್ ಕೂಡ ಇದೇ ಜಾತಿ.

ಹೆಜ್ಜೆ 6: ಭೂತಕಾಲಕ್ಕೆ ನಮ್ಮ ವರ್ಣಮಾಲೆ

ಇ-ಡಿ ಕೊನೆಯಲ್ಲಿ ಬಂದರೆ ‘ವಾಕೆಡ್’, ‘ಪ್ಲೇಯೆಡ್’ ಎಂದು ಓದುವವರು ಬಹಳ. ಸದ್ದು ಮೂರು ಥರ. ಇಲ್ಲಿ ನಮ್ಮ ವರ್ಣಮಾಲೆಯೇ ನೆರವಿಗೆ ಬರುತ್ತದೆ. ಕ್ರಿಯಾಪದ ಕ, ಚ, ಪ, ಸ, ಶ, ಫ಼ ಸದ್ದಿನಲ್ಲಿ ಮುಗಿದರೆ ಇ-ಡಿಯನ್ನು ‘ಟ್’ ಎನ್ನಿ: ವಾಕ್ಟ್, ವಾಚ್ಟ್, ಲಾಫ್ಟ್. ಟ ಅಥವಾ ಡ ಸದ್ದಿನಲ್ಲಿ ಮುಗಿದರೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಉಳಿದ ಎಲ್ಲ ಕಡೆ ಬರೀ ‘ಡ್’: ಪ್ಲೇಡ್, ಕಾಲ್ಡ್, ಬೆಗ್ಡ್. ಅನುಮಾನ ಬಂದರೆ ಗಂಟಲ ಮೇಲೆ ಎರಡು ಬೆರಳು ಇಟ್ಟು ನೋಡಿ. ‘ಗ’ ಎಂದಾಗ ನಡುಗುತ್ತದೆ, ‘ಕ’ ಎಂದಾಗ ನಡುಗುವುದಿಲ್ಲ. ನಡುಗಿದರೆ ಡ್, ಇಲ್ಲದಿದ್ದರೆ ಟ್.

ಹೆಜ್ಜೆ 7: ನಮ್ಮ ಬಾಯಿಯ ಅಭ್ಯಾಸ ನೋಡಿಕೊಳ್ಳಿ

ನಾವು ಎಮ್ಮೆ ಎಂದು ಬರೆದು ‘ಯೆಮ್ಮೆ’ ಎನ್ನುತ್ತೇವೆ. ಒಂದು ಎಂದು ಬರೆದು ‘ವೊಂದು’ ಎನ್ನುತ್ತೇವೆ. ಕನ್ನಡದಲ್ಲಿ ಅದು ಸಹಜ, ಇರಲಿ. ಇಂಗ್ಲಿಷ್‌ಗೂ ಅದೇ ಹೋದರೆ ಮೊಟ್ಟೆ ‘ಯೆಗ್’ ಆಗುತ್ತದೆ, ತೆರೆ ‘ವೋಪನ್’ ಆಗುತ್ತದೆ. ಕಿವಿ, ವರ್ಷ ಎರಡೂ ಒಂದೇ ಆಗಿಬಿಡುತ್ತವೆ. ಮೊದಲು ‘ಆ’ ಎಂದು ಬಾಯಿ ತೆರೆದು, ಹಾಗೇ ‘ಎಗ್’ಗೆ ಜಾರಿ. ನಾಲ್ಕು ದಿನದಲ್ಲಿ ಸರಿಯಾಗುತ್ತದೆ.

ಎ, ಆ್ಯನ್ ಗೊಂದಲವೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ನೋಡಬೇಕಾದ್ದು ಅಕ್ಷರ ಅಲ್ಲ, ಸದ್ದು. ಎಂಎಲ್‌ಎ ಎ ಸದ್ದಿನಿಂದ ಶುರು, ಅದಕ್ಕೆ ‘ಆ್ಯನ್ ಎಂಎಲ್‌ಎ’. ಯೂನಿವರ್ಸಿಟಿ ಯ ಸದ್ದಿನಿಂದ ಶುರು, ಅದಕ್ಕೆ ‘ಎ ಯೂನಿವರ್ಸಿಟಿ’. ಗಂಟೆಗೆ ಹೇಳುವ ‘ಅವರ್’ನಲ್ಲಿ ಎಚ್ ಮೌನ, ಅದಕ್ಕೆ ‘ಆ್ಯನ್ ಅವರ್’. ಎರಡು ಸ್ವರ ತಾಗದ ಹಾಗೆ ನಡುವೆ ನ ನಿಲ್ಲುತ್ತದೆ. ಮನೆ ಮುಂದೆ ಅನ್ನು ಬಂದಾಗ ಯ ಸೇರಿ ‘ಮನೆಯನ್ನು’ ಆಗುವುದಿಲ್ವಾ, ನೋಡಲು ಹಾಗೇ. ಈ ನ ಇಂಗ್ಲಿಷರಿಗೇ ಮೋಸ ಮಾಡಿದೆ. ಅಡುಗೆ ಮಾಡುವಾಗ ಕಟ್ಟಿಕೊಳ್ಳುವ ಏಪ್ರನ್ ಮೊದಲು ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಎಂದದ್ದನ್ನು ‘ಆ್ಯನ್ ಏಪ್ರನ್’ ಎಂದು ಕೇಳಿಸಿಕೊಂಡು ನ ಕಳೆದುಕೊಂಡರು.

ಬೇರೆ ಭಾಷೆ ಕಲಿಯುವವರಿಗೆ

ಇದೇ ನೋಟ್‌ಬುಕ್ ಬೇರೆ ಭಾಷೆಗೂ ಆಗುತ್ತದೆ. ಸ್ಪ್ಯಾನಿಷ್, ಇಟಾಲಿಯನ್ ನಮಗೆ ಇಂಗ್ಲಿಷ್‌ಗಿಂತ ಸುಲಭ. ಎ, ಇ, ಐ, ಒ, ಯು ಅಕ್ಷರಗಳನ್ನು ಅವರು ಆ, ಎ, ಇ, ಒ, ಉ ಎಂದೇ ಓದುತ್ತಾರೆ. ಸ್ಪ್ಯಾನಿಷ್‌ನಲ್ಲಿ ಎಚ್ ಮೌನ ಎಂಬುದೊಂದು ನೆನಪಿರಲಿ. ಜರ್ಮನ್‌ನಲ್ಲಿ ಡಬ್ಲ್ಯು ಕಂಡರೆ ವ, ವಿ ಕಂಡರೆ ಹೆಚ್ಚಾಗಿ ಫ಼. ಫ್ರೆಂಚ್‌ನಲ್ಲಿ ಕೊನೆಯ ವ್ಯಂಜನ ಹೆಚ್ಚಾಗಿ ಮೌನ. ಅವರ ರಾಜಧಾನಿ ಅವರಿಗೆ ‘ಪಾರಿ’. ಹಿಂದಿಯಲ್ಲಿ ನ, ಮ, ಕ ಎಂದು ಬರೆದು ‘ನಮಕ್’ ಎಂದು ಓದುತ್ತಾರೆ. ನಾವು ಕೊನೆಯ ಅ ಬಿಡದೆ ‘ನಮಕ’ ಎಂದು ಸಿಕ್ಕಿಬೀಳುತ್ತೇವೆ.

ಇನ್ನು ಕನ್ನಡ ಕಲಿಯುತ್ತಿರುವ ಪಕ್ಕದ ಮನೆಯವರಿಗೋ, ಹೊರದೇಶದಲ್ಲಿ ಬೆಳೆದ ಮೊಮ್ಮಕ್ಕಳಿಗೋ ನೀವು ಪಾಠ ಹೇಳಿಕೊಡುತ್ತಿದ್ದರೆ, ‘ಬರೆದ ಹಾಗೇ ಓದು’ ಎಂದಷ್ಟೇ ಹೇಳಿ ಬಿಡಬೇಡಿ. ಬ್ರಹ್ಮ ಎಂದು ಬರೆದು ‘ಬ್ರಮ್ಹ’ ಎನ್ನುತ್ತೇವೆ, ಚಿಹ್ನೆಗೆ ‘ಚಿನ್ಹೆ’, ಮಧ್ಯಾಹ್ನಕ್ಕೆ ‘ಮಧ್ಯಾನ್ಹ’. ಒಂದೇ ಸೊನ್ನೆ ಅಂಗಡಿಯಲ್ಲಿ ಒಂದು ಸದ್ದು, ಅಂಚೆಯಲ್ಲಿ ಇನ್ನೊಂದು, ಕಂಬದಲ್ಲಿ ಮತ್ತೊಂದು. ಬರೆಯುವುದು ಮಾಡುತ್ತೇನೆ, ಹೇಳುವುದು ಮಾಡ್ತೀನಿ. ಆ ಮಗು ತಪ್ಪಿದಾಗ ನಗಬೇಡಿ, ದಯವಿಟ್ಟು.

ಇವತ್ತು ರಾತ್ರಿಯೇ ಶುರು ಮಾಡಿ

ದಿನಕ್ಕೆ ಐದು ಪದ, ಹತ್ತು ನಿಮಿಷ. ಮೊಬೈಲ್ ಕೀಬೋರ್ಡ್‌ನ ಭಾಷೆಯನ್ನು ‘ಇಂಗ್ಲಿಷ್ (ಇಂಡಿಯಾ)’ ಎಂದು ಇಟ್ಟುಕೊಳ್ಳಿ. ಇಲ್ಲದಿದ್ದರೆ ಬಣ್ಣದ ‘ಕಲರ್’ಗೆ ಯು ಹಾಕಿದಾಗ ಕೆಂಪು ಗೆರೆ ಬಂದು ಸುಮ್ನೆ ಗಾಬರಿಪಡಿಸುತ್ತದೆ. ಆ ಯು ತೆಗೆಯುವ ರೂಢಿಯನ್ನು ಅಮೆರಿಕದಲ್ಲಿ ಗಟ್ಟಿ ಮಾಡಿದವರು ನೋವಾ ವೆಬ್‌ಸ್ಟರ್, 1828ರ ತಮ್ಮ ಡಿಕ್ಷನರಿಯಲ್ಲಿ. ನಮ್ಮ ಪಠ್ಯಪುಸ್ತಕಗಳದು ಬ್ರಿಟನ್ ದಾರಿ.

ನನ್ನ ಅಕ್ಕನ ಮಗಳ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಇರುವ ಐದು ಪದ ಇವು. ರಿಸೀಟ್: ಪಿಗೆ ಕೆಂಪು ಸುತ್ತು. ಡೆಟ್: ಬಿಗೆ ಸುತ್ತು. ವೆನ್ಸ್‌ಡೇ: ಬುಧವಾರ, ನಡುವಿನ ಡಿಗೆ ಮತ್ತು ಅದರ ಮುಂದಿನ ಇಗೆ ಸುತ್ತು. ಕಾಫ್: ಜಿ-ಎಚ್ ಪಕ್ಕದಲ್ಲಿ ಫ಼. ಐದನೆಯದು ಕರ್ನಲ್, ಸೈನ್ಯದ ಅಧಿಕಾರಿ. ಇಟಲಿಯಿಂದ ಬಂದ ಸ್ಪೆಲ್ಲಿಂಗ್ ಒಂದು, ಫ್ರಾನ್ಸ್ ದಾರಿಯಲ್ಲಿ ಬದಲಾದ ಸದ್ದು ಇನ್ನೊಂದು, ಇಂಗ್ಲಿಷರು ಎರಡನ್ನೂ ಇಟ್ಟುಕೊಂಡರು. ಅದರಲ್ಲಿ ರ ಕೇಳಿಸುತ್ತದೆ, ಆದರೆ ಸ್ಪೆಲ್ಲಿಂಗ್‌ನಲ್ಲಿ ಆರ್ ಎಲ್ಲೂ ಇಲ್ಲ. ಹುಡುಕಿ ಹುಡುಕಿ ಸುಸ್ತಾಗಿ ಅವಳು ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ: ‘ಕಿವಿ ಹೇಳಿದ್ದೇ ಸರಿ.’